ಎರಡು ಸಾಲು ಗುಲಾಬಿ

ಒಂದು ಕಾಲದಲ್ಲಿ ಗುರುಲಿಂಗಪ್ಪನ ಮನೆಯ ಬಚ್ಚಲು ನೋಡಲು ಮಹಾರಾಷ್ಟ್ರದ ಗಡಿಯೊಳಗಿನ ಉಟಗಿಯ ಅರ್ಧ ಊರೇ ಬಂದು ಹೋಗಿತ್ತು. ಹೀಗೆಂದರೆ ಈಗಿನವರು ನಗುತ್ತಾರೆ, ನಗಲಿ. ಉಳಿದವರೆಲ್ಲ ಹಿತ್ತಲ ಕಲ್ಲಿನ ಮೇಲೆ, ಹಳೆ ಸೀರೆಯ ಮರೆ ಕಟ್ಟಿಕೊಂಡು ಮೈ ತೊಳೆಯುತ್ತಿದ್ದ ದಿನಗಳವು. ಗುರುಲಿಂಗಪ್ಪ ಮಿರಜಿನಿಂದ ಟೈಲ್ಸ್ ತರಿಸಿ ನಾಲ್ಕೂ ಗೋಡೆಗೆ ಗಿಳಿಹಸಿರು ಹೊದಿಸಿದ, ನೆಲಕ್ಕೆ ಕೆಂಪು ಹಾಸಿಸಿದ. ನೆಲ ಮುಗಿದ ಮೇಲೆ ಹಚ್ಚಿದರಾಯಿತೆಂದು ಬಿಟ್ಟಿದ್ದ ಕೆಳಗಿನ ಎರಡು ಸಾಲಿಗೆ ಮಾತ್ರ ಹಸಿರು ಸಾಲದೆ ಹೋಯಿತು. ಅಂಗಡಿಯವನು ಅದೇ ಅಳತೆಯ ಗುಲಾಬಿ ಬಣ್ಣದ್ದು ಕಳಿಸಿ ಕೈ ತೊಳೆದುಕೊಂಡ.

“ಗಿಳಿಗೆ ಲಂಗಾ ಉಡಿಸಿದಂಗಾತು,” ಎಂದು ಆಗ ಗಂಡನ ಜೊತೆ ಜಗಳ ತೆಗೆದವಳು ಶಾಂತಾದೇವಿ. ಎಷ್ಟೋ ದಿನ ಅವನ ತಾಟಿಗೆ ಬಿಸಿ ರೊಟ್ಟಿ ಬೀಳಲಿಲ್ಲ. ಆ ಗುಲಾಬಿ ಸಾಲನ್ನು ಬೈಯದೆ ಅವಳು ಸ್ನಾನ ಮುಗಿಸಿದ್ದು ಕಡಿಮೆ.

ಈಗ ಅದೇ ಶಾಂತಾದೇವಿ ಅದೇ ಎರಡು ಸಾಲಿಗಾಗಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

“ನೋಡ್ರಿ ಮಾವಾರ,” ಎಂದು ಸೊಸೆ ವಿದ್ಯಾವತಿ ನಾಷ್ಟದ ಹೊತ್ತಿಗೆ ಮೊಬೈಲು ಮುಂದೆ ಹಿಡಿದಳು. “ಬಿಳೀದು, ಮ್ಯಾಲ ಸಣ್ಣಗ ಬೂದಿ ಬಣ್ಣದ ಗೆರಿ. ಬಾಗಲಾನೂ ಬಿಳೀದ, ಪ್ಲಾಸ್ಟಿಕ್ಕಿಂದು. ನೀರು ಬಿದ್ರ ಉಬ್ಬಂಗಿಲ್ಲ.”

“ಚಲೋ ಅದ ಬಿಡವಾ,” ಎಂದ ಗುರುಲಿಂಗಪ್ಪ, ಅವಲಕ್ಕಿಯಿಂದ ತಲೆ ಎತ್ತದೆ.

“ಏನು ಚಲೋ?” ಒಲೆಯ ಕಡೆಯಿಂದ ಶಾಂತಾದೇವಿ ಕೂಗಿದಳು. “ನಾಕೂ ಕಡಿ ಬಿಳೀದು ಅಂದ್ರ ಹೆಣಕ್ಕ ಅರಿವಿ ಸುತ್ತಿದಂಗ. ನಾ ಇನ್ನಾ ಜೀವಂತ ಅದೀನಿ.”

“ಅತ್ತೀ, ಒಳಗಿನ ಪೈಪು ಸೋರಲಿಕ್ಕತ್ಯಾದ. ಗ್ವಾಡಿ ಹಸಿ ಆಗಿ ಈ ಕಡಿ ಅಡಗಿಮನ್ಯಾಗ ಹಿಟ್ಟಿನ ಡಬ್ಬಿ ಬೂಸ್ಲ ಹಿಡದದ. ಹೆಂಗಿದ್ರೂ ಒಡೀಬೇಕು. ಒಡದ ಮ್ಯಾಲ ಮತ್ತ ಹಸರು ಹಚ್ಚಸೂಣೇನು?”

“ಪೈಪ್ ಇರೂ ಗ್ವಾಡಿ ಅಷ್ಟ ಒಡೀರಿ. ಉಳದದ್ದು ಇರ್ಲಿ.”

“ಹಂಗಂದ್ರ ತ್ಯಾಪಿ ಹಚ್ಚಿದಂಗ ಕಾಣಸ್ತದ್ರಿ. ಅನಿಲನ ನಿಶ್ಚಯಕ್ಕ ಬಂದ ಮಂದಿ ಏನಂದ್ರು ನಿಮಗ ಗೊತ್ತದ.”

ಗೊತ್ತಿತ್ತು. ಅನಿಲ ಎಂದರೆ ವಿದ್ಯಾವತಿಯ ತಮ್ಮ. ಹತ್ತಿರದ ಊರಲ್ಲಾದ ಅವನ ನಿಶ್ಚಿತಾರ್ಥಕ್ಕೆ ವಿಜಯಪುರದಿಂದ ಬಂದು ಇಲ್ಲಿ ಇಳಿದುಕೊಂಡವರಲ್ಲಿ ಯಾರೋ ಈ ಬಚ್ಚಲಿನ ಫೋಟೋ ತೆಗೆದು, ‘ಮುತ್ಯಾನ ಕಾಲದ ದವಾಖಾನಿ’ ಎಂದು ಬರೆದು, ಬೀಗರ ಗ್ರೂಪಿಗೆಲ್ಲ ಹಂಚಿದ್ದರು. ವಿದ್ಯಾವತಿ ಆ ರಾತ್ರಿ ಊಟ ಮಾಡಿರಲಿಲ್ಲ. ಅವಳು ಹೇಳುವ ಯಾವುದರಲ್ಲೂ ಸುಳ್ಳಿರಲಿಲ್ಲ, ಶಾಂತಾದೇವಿಗೆ ತೊಂದರೆಯಾಗಿದ್ದೇ ಅಲ್ಲಿ. ಸರಿಯಿದ್ದವರ ಜೊತೆ ಜಗಳಾಡುವುದು ಬಹಳ ಕಷ್ಟ.

ಸುಳ್ಳು ಇದ್ದದ್ದು ಶಾಂತಾದೇವಿಯ ಹತ್ತಿರ. ಅವಳ ಕಣ್ಣು ಹೋಗುತ್ತಿದ್ದವು.

ಒಮ್ಮೆಲೇ ಹೋಗಿರಲಿಲ್ಲ. ಮಜ್ಜಿಗೆ ಸೋಸುವ ಬಟ್ಟೆಯನ್ನು ಯಾರೋ ಮುಖದ ಮುಂದೆ ಹಿಡಿದಂತೆ, ದಿನದಿಂದ ದಿನಕ್ಕೆ ಒಂದೊಂದು ಮಡಿಕೆ ಹೆಚ್ಚಿಸಿದಂತೆ ಆಗಿತ್ತು. ತಾಲೂಕಿನ ಊರು ಜತದಲ್ಲಿ ನಡೆದ ಕಣ್ಣಿನ ಶಿಬಿರದಲ್ಲಿ ಡಾಕ್ಟರು ದೀಪ ಬಿಟ್ಟು ನೋಡಿ, “ಅಜ್ಜೀ, ಇದು ಪೊರೆಯಲ್ಲ, ಕಣ್ಣಿನ ನರ ಒಣಗುತ್ತಿದೆ. ತಡ ಮಾಡದೆ ಮಿರಜಿಗೆ ಹೋಗಿ” ಎಂದು ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದ್ದರು. ಮನೆಗೆ ಬಂದ ಶಾಂತಾದೇವಿ, “ಚಷ್ಮಾದ ನಂಬರು ಬದಲಿ ಆಗ್ಯಾದಂತ” ಎಂದು ಹೇಳಿ ಸುಮ್ಮನಾಗಿದ್ದಳು. ಅಂದಿನಿಂದ ಅವಳು ಬಣ್ಣ ಹಿಡಿದು ಬದುಕುತ್ತಿದ್ದಳು. ಗಾಢ ಬಣ್ಣಗಳು ಇನ್ನೂ ಅವಳ ಕೈ ಬಿಟ್ಟಿರಲಿಲ್ಲ. ಬಚ್ಚಲಲ್ಲಿ ಹಸಿರಿದ್ದದ್ದು ಗೋಡೆ, ಕೆಂಪಿದ್ದದ್ದು ನೆಲ, ನಡುವೆ ತಿಳಿಯಾಗಿ ಹೊಳೆಯುವ ಆ ಗುಲಾಬಿ ಪಟ್ಟಿ ಎಲ್ಲಿ ಮುರಿಯುತ್ತದೋ ಅಲ್ಲಿ ಬಾಗಿಲು. ಮೂವತ್ತು ವರ್ಷ ಬೈಸಿಕೊಂಡ ಸಾಲು ಈಗ ಅವಳ ಕೈ ಹಿಡಿದು ನಡೆಸುತ್ತಿತ್ತು.

ಹೇಳಿಬಿಟ್ಟಿದ್ದರೆ ಆಗುತ್ತಿತ್ತಲ್ಲ ಎನ್ನುವವರು ಪಕ್ಕದ ಮನೆಯ ಪಡಸಾಲೆ ನೋಡಬೇಕು. ಅಲ್ಲಿ ಶಾಂತಾದೇವಿಯ ನೆಗೆಣ್ಣಿ ಇಂದ್ರಾಬಾಯಿ ಕಂಬಕ್ಕೆ ಆತು ಕುಳಿತಿರುತ್ತಾಳೆ. ಒಂದು ಕಾಲಕ್ಕೆ ಇಡೀ ಮನೆತನದ ಹೋಳಿಗೆ, ಹಪ್ಪಳ ಅವಳ ಕೈಯಿಂದಲೇ ಆಗಬೇಕಿತ್ತು. ಕಣ್ಣು ಹೋದ ಮೇಲೆ ಅವಳನ್ನು ಯಾರೂ ಬೈಯಲಿಲ್ಲ, ಉಪವಾಸ ಕೆಡವಲಿಲ್ಲ. ಎದ್ದರೆ ಸಾಕು, “ನೀವು ಕುಂದ್ರಿ.” ನೀರು ತರಲು ಹೋದರೆ, “ನೀವು ಕುಂದ್ರಿ, ನಾವು ತರ್ತೀವಿ.” ಮಾತಿಗೆ ಬಾಯಿ ಹಾಕಿದರೆ, “ನೀವು ಕುಂದ್ರಿ.” ಎಂಥ ಮರ್ಯಾದೆಯ ಮಾತು! ಬೀಗರಿಗೆ ಹೇಳುವ ಮಾತು, ಮಠದ ಅಯ್ಯನವರಿಗೆ ಹೇಳುವ ಮಾತು. ಆ ಮಾತಿನಿಂದಲೇ ಇಂದ್ರಾಬಾಯಿಯನ್ನು ಜೀವಂತ ಹೂಳಿದ್ದರು. ಶಾಂತಾದೇವಿಗೆ ಸಾವಿನ ಭಯ ಅಷ್ಟಿರಲಿಲ್ಲ, ಆ ‘ಕುಂದ್ರಿ’ಯ ಭಯ ಇತ್ತು.

ಟೈಲ್ಸಿನ ಮಾತು ಎದ್ದ ಮೇಲೆ ಮನೆಯಲ್ಲಿ ಎಲ್ಲವೂ ಟೈಲ್ಸಿನ ಮಾತೇ ಆಯಿತು. ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಮಗ ರವಿಕುಮಾರ ಜತದ ಬೀಜದ ಅಂಗಡಿಯಿಂದ ಹಸಿದು ಬಂದವನು, ಮೊದಲ ತುತ್ತಿಗೇ ಮುಖ ಕಿವುಚಿದ.

“ಅವ್ವಾ, ಏನು ಸಮುದ್ರಾನ ಕಾಸೀಯೇನು?”

“ಸಿಟ್ಟಿಲೆ ಮಾಡಿದ ಅಡಗಿ ಹಿಂಗ ಆಗ್ತದ,” ಎಂದಳು ವಿದ್ಯಾವತಿ. “ನಿನ್ನಿ ನನ್ನ ಚಾದಾಗ ಸಕ್ರಿ ಬದಲಿ ರವಾ ಇತ್ತು. ನಾ ಏನೂ ಅನ್ನಲಿಲ್ಲ.”

“ನಿನಗ ನಾ ಬೇಕಂತ ರವಾ ಹಾಕ್ತೀನೇನು?”

“ಬೇಕಂತ ಅಲ್ಲಂದ್ರ ಮತ್ತ ಹೆಂಗ್ರಿ? ಕಣ್ಣು ಕಾಣಸಂಗಿಲ್ಲೇನು?”

ಶಾಂತಾದೇವಿ ಸೌಟನ್ನು ಸಾರಿನೊಳಗೆ ಬಿಟ್ಟಳು.

“ಹೂಂ, ಬೇಕಂತಲೇ ಹಾಕೀನಿ,” ಎಂದುಬಿಟ್ಟಳು. “ಏನು ಮಾಡ್ತೀ?”

ರವಿಕುಮಾರ ತಾಟು ಸರಿಸಿ ಎದ್ದ. ಕೆಟ್ಟವಳೆನಿಸಿಕೊಳ್ಳುವುದು ಕುರುಡಿ ಎನಿಸಿಕೊಳ್ಳುವುದಕ್ಕಿಂತ ವಾಸಿ ಎಂದು ಶಾಂತಾದೇವಿ ಲೆಕ್ಕ ಹಾಕಿದ್ದಳು. ಆದರೂ ಸೊಸೆ ಆ ಸಾರನ್ನು ಹಿತ್ತಲಿಗೆ ಚೆಲ್ಲಿದ ಸಪ್ಪಳ ಕೇಳಿ ಅವಳಿಗೆ ಅಳು ಬಂತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಕಾಲ ಸೊಸೆಯದಾಗಿತ್ತು. ಮುಂದಿನ ವಾರ ರವಿಕುಮಾರ ಟೆಂಪೋದಲ್ಲಿ ಬಿಳಿ ಟೈಲ್ಸ್ ತಂದು ಅಂಗಳಕ್ಕೆ ಇಳಿಸಿದ. ಹಿಂದೆಯೇ ಗಾರೆ ಕೆಲಸಕ್ಕೆ ತಾಸಗಾಂವ ಕಡೆಯ ಗೌಂಡಿ ಧನಾಜಿ ಬಂದ. ಈ ಕನ್ನಡದ ಹಳ್ಳಿಗಳ ಕಡೆ ಅವನು ಬಂದದ್ದು ಅದೇ ಮೊದಲು. ‘ನೀರು’, ‘ಚಾ’ ಎರಡು ಬಿಟ್ಟರೆ ಅವನಿಗೆ ಕನ್ನಡ ಬರುತ್ತಿರಲಿಲ್ಲ. ಚಿಂತೆಯಿರಲಿಲ್ಲ, ಮನೆಯವರೆಲ್ಲ ಅವನ ಜೊತೆ ಮರಾಠಿಯಲ್ಲೇ ಮಾತಾಡಿದರು. ಶಾಂತಾದೇವಿಯ ಮರಾಠಿ ಸಂತೆಯ ಮರಾಠಿ, ಕೆಲಸಕ್ಕೆ ಸಾಕಾಗುವಷ್ಟು.

ಒಡೆಯುವ ದಿನ ಅವಳು ಅವನಿಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಡಿಸಿದಳು. ವಿದ್ಯಾವತಿ ಬಟ್ಟೆ ಒಣಹಾಕಲು ಮಾಳಿಗೆ ಹತ್ತಿದ್ದೇ ತಡ, ಮೆಲ್ಲಗೆ ಮರಾಠಿಯಲ್ಲಿ ಹೇಳಿದಳು, “ನೋಡಪ್ಪಾ, ಹಸಿರೆಲ್ಲ ಒಡಿ. ಕೆಳಗಿನ ಎರಡು ಸಾಲು ಗುಲಾಬಿ ಮಾತ್ರ ಮುಟ್ಟಬೇಡ. ನಾನು ಇಲ್ಲೇ ನಿಂತಿರುತ್ತೇನೆ, ಎಲ್ಲಿ ನಿಲ್ಲಿಸಬೇಕೋ ಹೇಳುತ್ತೇನೆ.” ಉಳಿದ ಮೇಲೆ ಯಾರೇನು ಮಾಡುತ್ತಾರೆ? ಬಿಳಿಯ ಬುಡಕ್ಕೆ ಗುಲಾಬಿ ಇದ್ದರೆ ನಗುವವರು ನಾಲ್ಕು ದಿನ ನಗಲಿ.

ಧನಾಜಿ ಸುತ್ತಿಗೆ ಎತ್ತಿದ. ಹಸಿರು ಬಿಲ್ಲೆಗಳು ಪಟಪಟ ಉದುರಿದವು. ಅವನು ಕೆಳಕ್ಕೆ ಬಂದಂತೆ ಸಿಮೆಂಟಿನ ಧೂಳು ಎದ್ದು ಬಚ್ಚಲು ತುಂಬಿತು. ಧೂಳಿನೊಳಗೆ ಗುಲಾಬಿ ಮುಳುಗಿತು. ಸುತ್ತಿಗೆಯ ಸಪ್ಪಳ ಮೊಣಕಾಲಿನ ಕೆಳಗಿಂದ ಬರತೊಡಗಿದಾಗ ಶಾಂತಾದೇವಿಗೆ ಜೀವ ಹಾರಿತು. ಗಾಬರಿಯಲ್ಲಿ ಸಂತೆಯ ಮರಾಠಿ ಎಲ್ಲಿಂದ ಬರಬೇಕು? ಹೊಟ್ಟೆಯೊಳಗಿನ ಮಾತೇ ಬಂತು.

“ಆತ್! ಆತ್!”

ಆಯಿತು, ಸಾಕು, ನಿಲ್ಲಿಸು ಎಂದು ಅವಳ ಅರ್ಥ. ಮರಾಠಿಯಲ್ಲಿ ‘ಆತ’ ಎಂದರೆ ಒಳಗೆ.

“ಆತ? ಬರಂ ಆಜಿ,” ಎಂದ ಧನಾಜಿ, ಆಗಲಿ ಅಜ್ಜಿ ಎನ್ನುವಂತೆ. ಇನ್ನೂ ಒಳಕ್ಕೆ ಬಾರಿಸಿದ.

“ಆತೋ ಮಾರಾಯಾ, ಆತ್!”

ಅಜ್ಜಿಗೆ ಇಷ್ಟು ಒಳಗೆ ಸಾಲದೆಂದು ಅವನು ಉಳಿಯನ್ನು ಬುಡಕ್ಕೆ ಕೊಟ್ಟು ಎರಡೂ ಕೈಯಿಂದ ಹೊಡೆದ. ಗುಲಾಬಿ ಸಾಲು, ಗಿಲಾವು, ಇಟ್ಟಿಗೆ, ಅದರ ಹಿಂದಿನ ನೀರಿನ ಪೈಪು ಎಲ್ಲ ಒಂದೇ ಏಟಿಗೆ ಹೋದವು. ನೀರು ಚಿಲ್ಲೆಂದು ಹಾರಿ ಇಬ್ಬರನ್ನೂ ತೋಯಿಸಿತು. ಆಚೆ ಅಡುಗೆಮನೆಯ ಗೋಡೆ ಸೀಳಿ, ಕೆಳಗೆ ಬೀಸಿ ಇಟ್ಟಿದ್ದ ಜೋಳದ ಹಿಟ್ಟಿನೊಳಗೆ ನೀರು ಇಳಿಯಿತು.

ವಿದ್ಯಾವತಿ ಓಡಿ ಬಂದಳು. “ಅಯ್ಯಯ್ಯ! ಒಂದು ತಿಂಗಳ ಹಿಟ್ಟ! ಯಾರು ಇಷ್ಟು ಒಡೀ ಅಂದವರು?”

ಧನಾಜಿ ಒದ್ದೆ ಮುಖ ಒರೆಸಿಕೊಂಡು, ಅಜ್ಜಿಯೇ ನಿಂತು ‘ಆತ, ಆತ’ ಅಂದರು ಎಂದ. ಗುರುಲಿಂಗಪ್ಪನಿಗೆ ಮೊದಲು ಅರ್ಥವಾಯಿತು. ಅವನು ಕಟ್ಟೆಯ ಮೇಲೆ ಕುಳಿತು ಹೊಟ್ಟೆ ಹಿಡಿದು ನಕ್ಕ. ಸಂಜೆ ಬಂದ ರವಿಕುಮಾರನೂ ನಕ್ಕ. ವಾರ ಕಳೆಯುವಷ್ಟರಲ್ಲಿ ಊರಿನ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಚಹಾ ಸಾಕು ಎಂದರೆ, “ಆತ ಆತ” ಎಂದು ಇನ್ನೊಂದು ಕಪ್ಪು ಸುರಿಯುವುದು ಚೇಷ್ಟೆಯಾಯಿತು.

ನಗದವರು ಇಬ್ಬರೇ. ಅಂದು ಶಾಂತಾದೇವಿ ನೆನೆದ ಹಿಟ್ಟಿನ ಮುದ್ದೆಯನ್ನು ಎತ್ತಿ ದನಕ್ಕೆ ಹಾಕುತ್ತಿದ್ದಳು. ವಿದ್ಯಾವತಿ ಬಂದು ಎದುರಿಗೆ ನಿಂತಳು.

“ನಿಲ್ಲಸು ಅಂದ್ರಿ, ಅವ ಕೇಳಲಿಲ್ಲ. ಒಪ್ಪಿದೆ. ಆದ್ರ ಅವ ಗುಲಾಬಿ ಒಡ್ಯಾಕತ್ತಾಗ ನೀವು ಮಾರು ದೂರದಾಗ ನಿಂತಿದ್ರಂತ. ಕೈಯರ ಹಿಡೀಬೇಕಿತ್ತಿಲ್ಲೋ?”

“ಧೂಳಿತ್ತು,” ಎಂದಳು ಶಾಂತಾದೇವಿ.

ವಿದ್ಯಾವತಿ ಅತ್ತೆಯ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

ಉಳಿದ ಗೋಡೆಗಳ ಗುಲಾಬಿಯೂ ಕೆಂಪು ನೆಲವೂ ಹೋದವು. ಪೈಪು ಹೊಸದಾಗಿ ಬಂತು, ಗೋಡೆ ಎದ್ದಿತು. ಕೆಲಸ ನಡೆದಷ್ಟು ದಿನ ಎಲ್ಲರೂ ಹಿತ್ತಲಿನಲ್ಲಿ ತಗಡಿನ ಮರೆಯಲ್ಲಿ ಸ್ನಾನ ಮಾಡಿದರು. ಶಾಂತಾದೇವಿಗೆ ಅದೇ ಹಬ್ಬ. ಕಪ್ಪು ಕಲ್ಲು ಕಪ್ಪಾಗಿ ಕಾಣುತ್ತಿತ್ತು, ಹಿತ್ತಾಳೆಯ ಚರಿಗೆ ಹೊಳೆಯುತ್ತಿತ್ತು. ಕೊನೆಗೆ ಬಚ್ಚಲು ಮುಗಿದು ಬಿಳಿ ಬಾಗಿಲು ಕೂತಾಗ ವಿದ್ಯಾವತಿ ಬಿಳಿ ಬಕೀಟು, ಬಿಳಿ ಮಗ್ಗು ತಂದಿಟ್ಟು ಅತ್ತೆಯನ್ನು ಕರೆದಳು.

“ಮೊದಲ ನೀವ ಕಾಲಿಡ್ರಿ ಅತ್ತೀ.”

ಶಾಂತಾದೇವಿ ಹೊಸ್ತಿಲ ಮೇಲೆ ನಿಂತಳು. ಒಳಗೆ ಏನೂ ಇರಲಿಲ್ಲ. ಗೋಡೆಯಿಲ್ಲ, ನೆಲವಿಲ್ಲ, ಮೂಲೆಯಿಲ್ಲ, ಕೆನೆ ಕಟ್ಟಿದ ಹಾಲಿನಂಥ ಬಿಳುಪು ಒಂದೇ.

“ಚಲೋ ಆಗ್ಯಾದ,” ಎಂದು ಹಿಂದೆ ಸರಿದಳು. “ನೀವು ಬಳಸ್ರಿ. ನನಗ ಹಿತ್ತಲ ರೂಢಿ ಆಗ್ಯಾದ. ಇದ್ರಾಗ ಜಾರ್ತದ.”

ಒಂದು ದಿನ ಹೋಯಿತು, ಒಂದು ವಾರ ಹೋಯಿತು. ಶಾಂತಾದೇವಿ ಹಿತ್ತಲು ಬಿಡಲಿಲ್ಲ. ನೋಡಲು ಬಂದ ಹೆಂಗಸರು ಹೊಸ ಬಚ್ಚಲು ಹೊಗಳಿ, ಹಿತ್ತಲಿನ ಒದ್ದೆ ಕಲ್ಲು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು.

“ನಾ ಮಾಡಸೀನಿ ಅಂತ ಮುಟ್ಟವಲ್ರಿ, ಹೌದಲ್ಲೋ?” ರೊಟ್ಟಿ ತಿನ್ನುವಾಗ ವಿದ್ಯಾವತಿ ಕೇಳಿಯೇಬಿಟ್ಟಳು. “ಊರಾಗ ಮಂದಿ ಕೇಳ್ತಾರ, ಮುದುಕೀನ ಬಚ್ಚಲದಿಂದ ಹೊರಗ ಹಾಕೀಯೇನು ಅಂತ.”

“ಜಾರ್ತದ ಅಂದ್ನೆಲ್ಲ?”

“ಒರಟು ಟೈಲ್ಸ್ ರೀ ಅವು. ಜಾರಂಗಿಲ್ಲ. ಕುಣೀಲಾರದಾಕಿ ನೆಲಾ ಡೊಂಕು ಅಂದಳಂತ.”

“ವಿದ್ಯಾ!” ರವಿಕುಮಾರ ಗದರಿದ.

“ಆಕೀಗಿ ಯಾಕ ಬೈತೀ?” ಎಂದ ಗುರುಲಿಂಗಪ್ಪ. ಆಮೇಲೆ ಹೆಂಡತಿಯ ಕಡೆ ತಿರುಗಿದ. “ಶಾಂತಾ, ನೀನೂ ಹಟಾ ಬಿಡು. ಹಸರು ಅಂತ ನಾ ಹಚ್ಚಿಸಿದಾಗೂ ನಿಂದು ಇದ ತಕರಾರು.”

ಶಾಂತಾದೇವಿ ರೊಟ್ಟಿ ಮುರಿದಳು. ಬಾಯಿ ತೆರೆದರೆ ಎಲ್ಲವೂ ಹೊರಬೀಳುತ್ತಿತ್ತು.

ಅನಿಲನ ಮದುವೆ ಆಯಿತು. ಹೊಸ ಜೋಡಿಯನ್ನು ಅಕ್ಕನ ಮನೆಗೆ ಊಟಕ್ಕೆ ಕರೆಯುವುದು ಪದ್ಧತಿ. ಅನಿಲ, ಅವನ ಹೆಂಡತಿ ಸೋನಾಲಿ, ವಿದ್ಯಾವತಿಯ ತಾಯಿ, ಕಾಕಂದಿರು ಎಲ್ಲ ಹಿಂದಿನ ಸಂಜೆಯೇ ಎರಡು ಜೀಪು ತುಂಬಿ ಬಂದಿಳಿದರು. ಬೆಳಗಾದರೆ ಹಿತ್ತಲ ತುಂಬ ಗಂಡಸರು. ಒಬ್ಬ ಹಲ್ಲು ತಿಕ್ಕುತ್ತಾನೆ, ಒಬ್ಬ ಕಲ್ಲಿನ ಮೇಲೇ ಕುಳಿತು ಗಡ್ಡ ಹೆರೆಯುತ್ತಾನೆ. ಸ್ನಾನವಾಗದೆ ಶಾಂತಾದೇವಿ ಲಿಂಗಪೂಜೆ ಮಾಡುವಂತಿಲ್ಲ, ಪೂಜೆಯಾಗದೆ ಒಲೆ ಮುಟ್ಟುವಂತಿಲ್ಲ.

“ನೀರು ಬಿಟ್ಟೀನಿ, ಹೋಗ್ರಿ,” ಎಂದಳು ವಿದ್ಯಾವತಿ, ತಾಯಿಯ ಎದುರಿಗೆ.

ಇನ್ನು ಇಲ್ಲವೆಂದರೆ ಎಲ್ಲರೆದುರು ಸೊಸೆಗೆ ಅವಮಾನ. ಶಾಂತಾದೇವಿ ಸೀರೆ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದಳು.

ನೀರಿನ ಸಪ್ಪಳ ಹಿಡಿದು ಬಕೀಟು ಸಿಕ್ಕಿತು. ಮಗ್ಗು ಕೈ ತಪ್ಪಿ ಬಿದ್ದು ಎಲ್ಲೋ ಉರುಳಿತು. ಬೊಗಸೆಯಿಂದಲೇ ಮೈಮೇಲೆ ನೀರು ಹಾಕಿಕೊಂಡು ಸ್ನಾನ ಮುಗಿಸಿದಳು. ತಡವರಿಸಿ ಸೀರೆಯನ್ನೂ ಸುತ್ತಿಕೊಂಡಳು. ತಿರುಗಿ ಕೈ ಚಾಚಿದರೆ ತಣ್ಣನೆಯ ಗೋಡೆ. ಬಲಕ್ಕೆ ಸರಿದಳು, ಗೋಡೆ. ಮತ್ತೆ ಸರಿದಳು, ಮೂಲೆ. ಬಿಳಿ ಬಾಗಿಲು ಬಿಳಿ ಗೋಡೆಯೊಳಗೆ ಕರಗಿ ಹೋಗಿತ್ತು. ಹೊರಗೆ ನಗು, ತಾಟಿನ ಸಪ್ಪಳ, ಯಾರದೋ ಕೆಮ್ಮು ಎಲ್ಲಾ ಕಡೆಯಿಂದಲೂ ಬರುತ್ತಿತ್ತು. ಕೂಗಬಹುದಿತ್ತು. ಕೂಗಿದರೆ ಎರಡು ಜೀಪಿನ ಮಂದಿ ಓಡಿ ಬರುತ್ತಾರೆ, ಸಂಜೆಯೊಳಗೆ ಇಂದ್ರಾಬಾಯಿಯ ಪಕ್ಕದ ಕಂಬ ಅವಳದಾಗುತ್ತದೆ. ಅವಳು ತುಟಿ ಕಚ್ಚಿ ಗೋಡೆಯನ್ನು ಅಂಗೈಯಿಂದ ಸವರುತ್ತ ಹೋದಳು. ಕಾಲಿಗೆ ಬಕೀಟು ತಾಗಿ ನೀರು ಚೆಲ್ಲಿತು.

“ಅತ್ತೀ,” ವಿದ್ಯಾವತಿ ಬಾಗಿಲು ತಟ್ಟಿದಳು. “ಭಾಳ ಹೊತ್ತಾತು. ಬಾಗಲಾ ತಗೀರಿ.”

“ತಗೀತೀನಿ ತಡಿ,” ಎಂದು ಶಾಂತಾದೇವಿ ಕೈಗೆ ಸಿಕ್ಕದ್ದನ್ನು ತಳ್ಳಿದಳು. ಅದು ಅಡುಗೆಮನೆಯ ಗೋಡೆ.

ವಿದ್ಯಾವತಿ ಮತ್ತೆ ತಟ್ಟಿದಳು, ಈ ಸಲ ಮೆಲ್ಲಗೆ. ಒಳಗಿನ ಕೈ ಮತ್ತೆ ಅದೇ ಗೋಡೆಯನ್ನು ಬಡಿಯಿತು. ಆಮೇಲೆ ಸೊಸೆಯ ಧ್ವನಿ ಬಾಗಿಲ ಸಂದಿಯಿಂದ, ಬೇರೆ ಯಾರಿಗೂ ಕೇಳದಷ್ಟು ಸಣ್ಣಗೆ ಬಂತು.

“ತಿರುಗ್ರಿ. ಹೊಳ್ಳಿ ನಿಂದರ್ರಿ. ನಾ ಬಳಿ ಬಾರಸ್ತೀನಿ, ಅದರ ಕಡಿ ಬರ್ರಿ.”

ಬಾಗಿಲಿಗೆ ಗಾಜಿನ ಬಳೆ ತಾಗುವ ಕಿಣಿಕಿಣಿ ಕೇಳಿತು. ಶಾಂತಾದೇವಿ ಅದರ ಕಡೆ ಹೆಜ್ಜೆ ಇಟ್ಟಳು. ಚಿಲಕ ಕೈಗೆ ಸಿಕ್ಕಿತು.

ವಿದ್ಯಾವತಿ ಅವಳ ಮೊಣಕೈ ಹಿಡಿದು ಸೀದಾ ಅಡುಗೆಮನೆಗೆ ಒಯ್ದು ಬಾಗಿಲು ಮುಂದೆ ಮಾಡಿದಳು. ದನಿ ಇಳಿಸಿ ಕೇಳಿದಳು.

“ಯಾವಾಗಿಂದ?”

“ಏನು ಯಾವಾಗಿಂದ?”

“ಸುಳ್ಳು ಹೇಳಬ್ಯಾಡ್ರಿ! ಉಪ್ಪು. ರವಾ. ಇಭೂತಿ ತಿಂಗಳಾನಗಟ್ಲೆ ವಾರೆ ಹಚಗೋತೀರಿ. ಜತದ ಡಾಕ್ಟರು ಏನಂದ್ರು?”

ಶಾಂತಾದೇವಿ ಹೇಳಿದಳು. ನರದ ಮಾತು, ಮಿರಜಿನ ಮಾತು, ಗುಲಾಬಿ ಸಾಲಿನ ಮಾತು, ಎಲ್ಲ.

“ಹೆಣದ ಅರಿವಿ ಅಂದ್ರಿ,” ಎಂದಳು ವಿದ್ಯಾವತಿ. “ನಾ ಆಸೆಪಟ್ಟು ಆರಿಸಿದ್ದಕ್ಕ ಹೆಣದ ಅರಿವಿ ಅಂದ್ರಿ. ಬೇಕಂತ ರವಾ ಹಾಕೀನಿ ಅಂದ್ರಿ. ಎಷ್ಟು ದಿನಾ ಅತ್ತೀನಿ ನಾ! ಕಾಣಸವಲ್ದು ಅಂತ ಒಂದು ಮಾತು ಅಂದಿದ್ರ ನಾನ ಹೋಗಿ ಹಸರು ತರ್ತಿದ್ದಿಲ್ಲೇನು? ಸೋಮವಾರ ಮಿರಜಕ್ಕ ಹೋಗೂದು. ಮನ್ಯಾಗ ನೀವ ಹೇಳಬೇಕು, ನಾ ಹೇಳಂಗಿಲ್ಲ. ಅಷ್ಟು ಧೈರ್ಯಾರ ಮಾಡ್ರಿ.”

“ತಪ್ಪಾತು,” ಎಂದಳು ಶಾಂತಾದೇವಿ. ಸೊಸೆಗೆ ಆ ಮಾತನ್ನು ಅವಳು ಹಿಂದೆ ಎಂದೂ ಹೇಳಿರಲಿಲ್ಲ.

ವಿದ್ಯಾವತಿ ಇಭೂತಿಯ ಬಟ್ಟಲು ತಂದು, ಅತ್ತೆಯ ಬೆರಳು ಹಿಡಿದು ಹಣೆಯ ಮೇಲೆ ನೆಟ್ಟಗೆ ಎಳೆಸಿದಳು. ಜಗುಲಿಯ ಮುಂದೆ ಲಿಂಗಪೂಜೆ ಮುಗಿಸಿಕೊಂಡು ಬಂದ ಶಾಂತಾದೇವಿ ಒಲೆಯ ಕಡೆ ಹೋಗಲಿಲ್ಲ. ಎಲ್ಲ ತಿಳಿದ ಮೇಲೆ ಇನ್ನೇನು ಉಳಿಯಿತು? ತಾನಾಗಿಯೇ ಮೂಲೆಯ ಮಣೆ ಎಳೆದುಕೊಂಡು ಕುಳಿತಳು, ಯಾರಾದರೂ ಹೇಳುವ ಮೊದಲೇ. ಹಿಟ್ಟಿನ ಪರಾತವನ್ನು ಸೊಸೆ ದರದರನೆ ಎಳೆದದ್ದು ಕೇಳಿಸಿತು.

“ಏಳ್ರಿ.”

ತಪ್ಪು ಕೇಳಿಸಿತೇನೋ ಎಂದುಕೊಂಡಳು ಶಾಂತಾದೇವಿ.

“ಏಳ್ರಿ ಅತ್ತೀ, ಲಗೂನ. ಹೊರಗ ಇಷ್ಟು ಮಂದಿ ಹಸದು ಕುಂತಾರ. ನಾ ಬಡದ ರೊಟ್ಟಿ ಸೀಳ್ತಾವಂತ ಊರತುಂಬ ನೀವ ಸಾರೀರಿ. ಬಡೀರಿ ಈಗ. ಬೆಂದದ್ದು, ಹೊತ್ತಿದ್ದು ನಾ ನೋಡ್ತೀನಿ.”

ಶಾಂತಾದೇವಿ ಎದ್ದಳು. ಹಿಟ್ಟಿಗೆ ಕೈ ಹಾಕಿದ ಮೇಲೆ ಕಣ್ಣಿನ ಕೆಲಸವಿರಲಿಲ್ಲ. ಅಂಗೈ ಕೆಳಗೆ ರೊಟ್ಟಿ ತಟತಟ ಬಡಿಯುತ್ತ ತಾನೇ ತಿರುಗಿತು, ತಾನೇ ಅಗಲವಾಯಿತು. ಕಣ್ಣೀರು ಇಳಿದರೆ ಇಳಿಯಲಿ ಎಂದು ಬಿಟ್ಟಳು.

ಬಾಗಿಲು ಸರಿಸಿ ಹೊಸ ಮದುಮಗಳು ಸೋನಾಲಿ ಒಳಗೆ ಬಂದಳು. ಹೊಗೆಯಲ್ಲಿ ಕೆಂಪಾದ ಮುದುಕಿಯ ಮುಖ ನೋಡಿ ಪಾಪ ಎನಿಸಿರಬೇಕು.

“ಅಯ್ಯ, ವಯಸ್ಸಾದವರು! ನೀವು ಕುಂದ್ರಿ ಅಜ್ಜೀ, ನಾ ಮಾಡ್ತೀನಿ.”

ಶಾಂತಾದೇವಿಯ ಕೈ ನಿಂತಿತು.

“ಅವರು ಕುಂದ್ರಂಗಿಲ್ಲವಾ,” ಎಂದಳು ವಿದ್ಯಾವತಿ, ಹಂಚಿನ ಮೇಲಿನ ರೊಟ್ಟಿ ಹೊರಳಿಸುತ್ತ. “ನೀ ಕುಂದ್ರು.”

ಸೋನಾಲಿ ಮಣೆಯ ಮೇಲೆ ಕುಳಿತಳು. ಶಾಂತಾದೇವಿ ಮುಂದಿನ ಉಂಡೆಗೆ ಕೈ ಚಾಚಿದಳು, ವಿದ್ಯಾವತಿ ಅದನ್ನು ಆ ಕೈಯೊಳಗೇ ಇಟ್ಟಳು.